ಹಳ್ಳಿಯ ಪಬ್‌ನಲ್ಲಿ ಊಟ: ಋತುವಿನ ಜೊತೆ ಮಿತಿಯೂ ಇರಲಿ

ಇಂಗ್ಲೆಂಡಿನಲ್ಲಿರುವ ಮಗನ ಅಥವಾ ಮಗಳ ಮನೆಗೆ ಹೋದ ತಂದೆತಾಯಿಯರನ್ನು ಭಾನುವಾರ ಮಧ್ಯಾಹ್ನ ಹಳ್ಳಿಯ ಹಳೆಯ ಪಬ್‌ಗೆ ಊಟಕ್ಕೆ ಕರೆದೊಯ್ಯುವುದುಂಟು. ‘ಪಬ್ ಎಂದರೆ ಹೆಂಡದಂಗಡಿಯಲ್ಲವೇ?’ ಎಂದು ಹಿರಿಯರು ಹಿಂಜರಿಯುವುದು ಸಹಜ. ಆದರೆ ಅಲ್ಲಿನ ಹಳ್ಳಿಗಳಲ್ಲಿ ಅದು ಮನೆಮಂದಿಯೆಲ್ಲ ಕುಳಿತು ಉಣ್ಣುವ ಜಾಗವೂ ಹೌದು.

ಕೆಂಟ್ ಪ್ರಾಂತದ ಸೀಸಾಲ್ಟರ್ ಕಡಲತೀರದ ‘ದ ಸ್ಪೋರ್ಟ್ಸ್‌ಮನ್’ ಇದಕ್ಕೆ ಹೆಸರಾಂತ ಉದಾಹರಣೆ. 1999ರಲ್ಲಿ ಈ ಪಬ್ ವಹಿಸಿಕೊಂಡ ಸ್ಟೀಫನ್ ಹ್ಯಾರಿಸ್ ಸ್ವಂತವಾಗಿ ಅಡುಗೆ ಕಲಿತವರು. ಸಮುದ್ರದ ನೀರು ಕಾಯಿಸಿ ಉಪ್ಪು ತೆಗೆದು, ಬೆಣ್ಣೆಯನ್ನು ಅಲ್ಲಿಯೇ ಕಡೆದು, ಸುತ್ತಲಿನ ಹೊಲ ಮತ್ತು ಕಡಲಿನ ಪದಾರ್ಥಗಳಿಂದ ಅಡುಗೆ ಮಾಡುವ ಪದ್ಧತಿಗೆ ಅವರು ಹೆಸರಾದರು. 2008ರಲ್ಲಿ ಈ ಪಬ್‌ಗೆ ಮಿಶೆಲಿನ್ ತಾರೆ ದೊರೆಯಿತು.

ಆಯಾ ಋತುವಿನ ಸ್ಥಳೀಯ ಆಹಾರದಿಂದ ಲಾಭವಿದೆ. ಕಿತ್ತ ಸೊಪ್ಪು ತರಕಾರಿ ದಿನ ಕಳೆದಂತೆ ‘ಸಿ’ ಜೀವಸತ್ವವನ್ನು ಕಳೆದುಕೊಳ್ಳುತ್ತದೆ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಅಲ್ಲಿ ದೊರೆಯುವ ಆಸ್ಪರಾಗಸ್ ಕುಡಿಗಳ ಸಿಹಿಯೂ ಕೊಯ್ದ ಮೇಲೆ ಬೇಗನೆ ಇಳಿಯುತ್ತದೆ. ಹತ್ತಿರದ ಹೊಲದಿಂದ ಬಂದದ್ದು ರುಚಿಕರವಾಗಿರುವುದು ಇದರಿಂದಲೇ.

ಆದರೆ ‘ಸ್ಥಳೀಯ’ ಎಂದ ಮಾತ್ರಕ್ಕೆ ಆರೋಗ್ಯಕರವೆಂದು ತಿಳಿಯುವುದು ತಪ್ಪು. ಬೆಣ್ಣೆ ಯಾವ ಊರಿನದಾದರೂ ಬೆಣ್ಣೆಯೇ. ಸಮುದ್ರದ ಉಪ್ಪೂ ರಕ್ತದೊತ್ತಡ ಏರಿಸುವ ಸೋಡಿಯಂ ಉಪ್ಪೇ; ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್‌ನಿಂದ ಊಟದ ಪಟ್ಟಿಯಲ್ಲಿ ಕ್ಯಾಲೊರಿ ನಮೂದಿಸಬೇಕೆಂಬ ನಿಯಮವಿದ್ದರೂ ಅದು 250 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಮಾತ್ರ. ಸಣ್ಣ ಪಬ್‌ನಲ್ಲಿ ಲೆಕ್ಕ ನಾವೇ ಇಟ್ಟುಕೊಳ್ಳಬೇಕು.

ಸಸ್ಯಾಹಾರಿಗಳು ಕೇಳಿ ತಿಳಿಯುವುದು ಲೇಸು. ಭಾನುವಾರದ ಊಟದ ಹುರಿದ ಆಲೂಗಡ್ಡೆಗೆ ದನದ ಕೊಬ್ಬು ಬಳಸಿರಬಹುದು. ಯಾರ್ಕ್‌ಷೈರ್ ಪುಡಿಂಗ್‌ನಲ್ಲಿ ಮೊಟ್ಟೆಯಿರುತ್ತದೆ. ಗ್ರೇವಿ ಸಾಮಾನ್ಯವಾಗಿ ಮಾಂಸದ ರಸದಿಂದ ಆದದ್ದು. ಅಲರ್ಜಿ ಇರುವವರಿಗೆ 14 ಬಗೆಯ ಪದಾರ್ಥಗಳ ಬಗ್ಗೆ ಮಾಹಿತಿ ನೀಡುವುದು ಅಲ್ಲಿ ಕಾನೂನಿನ ಕಟ್ಟಳೆ. ಆದ್ದರಿಂದ ಕೇಳಲು ಸಂಕೋಚ ಬೇಡ.

ಇನ್ನು ಬಿಯರ್. ಶೇ 4ರ ಬಿಯರಿನ ಒಂದು ಪೈಂಟ್, ಅಂದರೆ 568 ಮಿಲಿಲೀಟರ್‌ನಲ್ಲಿ, ಸುಮಾರು 18 ಗ್ರಾಂ ಮದ್ಯಸಾರವಿದೆ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಕುಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಹಳ್ಳಿಯಿಂದ ಕಾರು ಓಡಿಸಿಕೊಂಡು ಮರಳುವವರಂತೂ ಅದನ್ನು ಮುಟ್ಟದಿರುವುದೇ ಸರಿ.

ಹೀಗೆಂದು ಮಕ್ಕಳ ಆಹ್ವಾನವನ್ನು ನಿರಾಕರಿಸಬೇಕಿಲ್ಲ. ತರಕಾರಿ ಹೆಚ್ಚು ಹಾಕಿಸಿಕೊಳ್ಳಿ, ಸಿಹಿಯನ್ನು ಇಬ್ಬರು ಹಂಚಿಕೊಳ್ಳಿ, ಊಟದ ನಂತರ ಹೊಲದ ದಾರಿಯಲ್ಲಿ ನಡೆದಾಡಿ. ಪಬ್‌ನಿಂದ ನಾವು ಕಲಿಯಬೇಕಾದದ್ದು ಋತುವನ್ನು ನೋಡಿ ಅಡುಗೆ ನಿರ್ಧರಿಸುವ ಶಿಸ್ತನ್ನು. ಎಷ್ಟು ಉಣ್ಣಬೇಕೆಂಬ ಶಿಸ್ತು ಮಾತ್ರ ನಮ್ಮ ಕೈಯಲ್ಲೇ ಇದೆ.