ಮೂಕಪ್ರಾಣಿಯ ದಾಹ ಮರೆಯದಿರಲಿ

ಊರಿನ ಮನೆಗಳಲ್ಲಿ ಬೇಸಗೆ ಬಂತೆಂದರೆ ನಾಯಿ ತಾನಾಗಿಯೇ ಹಲಸಿನ ಮರದಡಿಗೋ ಬಾವಿಕಟ್ಟೆಯ ತಂಪಿಗೋ ಹೋಗಿ ಮಲಗುತ್ತದೆ. ಮುಂಬಯಿಯ ಫ್ಲಾಟಿನಲ್ಲಿ ಸಾಕಿದ ನಾಯಿಗೆ ಆ ಸ್ವಾತಂತ್ರ್ಯವಿಲ್ಲ. ಬಾಗಿಲಿನ ಚಿಲಕ ಯಜಮಾನನ ಕೈಯಲ್ಲಿದೆ. ಆದ್ದರಿಂದ ಹೊಣೆಯೂ ಅವನದೇ.

ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿಯಲ್ಲಿ ಅಲ್ಪಸ್ವಲ್ಪ ಬೆವರುತ್ತದೆ, ಅಷ್ಟೇ. ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿಯ ತೇವ ಆವಿಯಾಗುವುದರಿಂದಲೇ ಅದು ಮೈ ತಣಿಸಿಕೊಳ್ಳಬೇಕು. ಕಡಲತೀರದ ತೇವ ತುಂಬಿದ ಗಾಳಿಯಲ್ಲಿ ಅದೂ ಕಷ್ಟ. ಪಗ್‌ನಂತಹ ಚಪ್ಪಟೆ ಮೂಗಿನ ತಳಿಗಳ ಪಾಡಂತೂ ಹೇಳತೀರದು. ನಾಯಿಯ ಸಹಜ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಮೆದುಳು, ಮೂತ್ರಪಿಂಡಗಳಿಗೆ ಹಾನಿಯಾಗಿ ಪ್ರಾಣವೇ ಹೋಗಬಹುದು.

ಇಂತಹ ಸಾವುಗಳಿಗೆ ಕ್ರೌರ್ಯಕ್ಕಿಂತ ಅಜಾಗರೂಕತೆಯೇ ಹೆಚ್ಚಾಗಿ ಕಾರಣ. ಮದುವೆಗೋ ಸಂಘದ ಕಾರ್ಯಕ್ರಮಕ್ಕೋ ಹೊರಟ ಕುಟುಂಬ ನಾಯಿಯನ್ನು ಬಾಲ್ಕನಿಯಲ್ಲಿ ಕಟ್ಟಿ ಹೋಗುತ್ತದೆ. ಬೆಳಗ್ಗೆ ಇದ್ದ ನೆರಳು ಮಧ್ಯಾಹ್ನ ಅಲ್ಲಿರುವುದಿಲ್ಲ. ಇನ್ನು ಕೆಲವರು ಸಭಾಗೃಹದ ಹೊರಗೆ 'ಐದೇ ನಿಮಿಷ' ಎಂದು ಕಾರಿನಲ್ಲಿ ಬಿಟ್ಟುಬರುತ್ತಾರೆ. ಹೊರಗೆ 30 ಡಿಗ್ರಿ ಇದ್ದರೂ ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 45 ಡಿಗ್ರಿ ಮುಟ್ಟಬಹುದು. ಗಾಜು ನಾಲ್ಕು ಬೆರಳು ಇಳಿಸಿದರೆ ಸಾಲದು.

ಪರಿಹಾರಕ್ಕೆ ಖರ್ಚಿಲ್ಲ. ವಾಕಿಂಗ್ ಬೆಳ್ಳಂಬೆಳಗ್ಗೆ ಅಥವಾ ಕತ್ತಲಾದ ಮೇಲಿರಲಿ. ಡಾಮರು ರಸ್ತೆಗೆ ಅಂಗೈಯ ಹಿಂಬದಿ ಇಟ್ಟು ನೋಡಿ; ಕೈಗೆ ತಡೆಯದ ಬಿಸಿ ನಾಯಿಯ ಪಾದಕ್ಕೂ ತಡೆಯದು. ಮನೆಯಲ್ಲಿ ಎರಡು ಕಡೆ ನೀರು, ನೆರಳು, ಗಾಳಿ ಇರಲಿ. ವಿಪರೀತ ಏದುಸಿರು, ಜೊಲ್ಲು, ವಾಂತಿ, ತೂರಾಟ ಕಂಡರೆ ತಕ್ಷಣ ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು ಫ್ಯಾನ್ ಹಾಕಬೇಕು. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬಾರದು. ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಚೇತರಿಸಿದಂತೆ ಕಂಡರೂ ಒಳಗಿನ ಹಾನಿ ತಿಳಿಯದು.

ಸಾಕುಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಆದರೆ ಕಾನೂನಿಗೆ ಹೆದರಿ ಮಾಡುವ ಕೆಲಸವಲ್ಲ ಇದು. ಸಂಘ-ಸಂಸ್ಥೆಗಳು ಬೇಸಗೆಯ ಸಭೆಗಳಲ್ಲಿ ಧನ್ಯವಾದ ಸಮರ್ಪಣೆಗೆ ಮುನ್ನ ಈ ಬಗ್ಗೆ ಎರಡು ಮಾತು ಹೇಳಿದರೂ ಸಾಕು. ರಾತ್ರಿ ಎಷ್ಟೇ ತಡವಾದರೂ ಬಾಗಿಲಲ್ಲಿ ಕಾದು ನಿಲ್ಲುವ ಜೀವಕ್ಕೆ ಒಂದು ಬೋಗುಣಿ ನೀರು ದೊಡ್ಡ ಋಣವೇನಲ್ಲ.