ಸಂಪಾದಕರ ರಾಜೀನಾಮೆ: ಹೊಣೆ ಯಾರದು?

ವಿವಾದಕ್ಕೆ ಹೆಸರಾದ ಪತ್ರಕರ್ತರೊಬ್ಬರು ಹುದ್ದೆ ತ್ಯಜಿಸಿದೊಡನೆ ಜನರು ಕೇಳುವ ಮೊದಲ ಪ್ರಶ್ನೆ, ಇದರ ಹಿಂದೆ ಯಾರಿದ್ದಾರೆ ಎಂಬುದು. 2010ರ ಡಿಸೆಂಬರಿನಲ್ಲಿ ವಿಶ್ವೇಶ್ವರ ಭಟ್ಟರು 'ವಿಜಯ ಕರ್ನಾಟಕ'ದ ಸಂಪಾದಕತ್ವಕ್ಕೆ ರಾಜೀನಾಮೆ ನೀಡಿದಾಗಲೂ ಹೀಗೆಯೇ ಆಯಿತು. ಮಾಲೀಕರ ಒತ್ತಡವೆಂದರು ಕೆಲವರು, ರಾಜಕಾರಣವೆಂದರು ಹಲವರು. ಅವರ ಬೆನ್ನಿಗೇ ಅಂಕಣಕಾರ ಪ್ರತಾಪ ಸಿಂಹರೂ ಆ ಪತ್ರಿಕೆಯಿಂದ ಹೊರನಡೆದರು.

ರಾಜಾಜಿನಗರ, ವಿಜಯನಗರಗಳ ನಮ್ಮ ಕುಟುಂಬಗಳಲ್ಲಿ ಅಂದು ಕೇಳಿಬಂದ ಮಾತೇ ಬೇರೆ. ಭಾನುವಾರದ ಪೂಜೆ ಮುಗಿಸಿ ಹೊರಬಂದ ಹಿರಿಯರೊಬ್ಬರು, "ಅಂತೂ ದೇವರು ಕಣ್ಣು ತೆರೆದ, ಸ್ವಾಮಿ" ಎಂದು ನಮ್ಮ ಕೈಹಿಡಿದರು. ಅವರ ನೋವು ನಮಗೆ ತಿಳಿಯದ್ದಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿಯಾಯಿತು. ಆ ಗಾಯ ಮಾಯುವ ಮೊದಲೇ, ಅಕ್ಟೋಬರಿನಲ್ಲಿ, ಎಸ್.ಎಲ್. ಭೈರಪ್ಪನವರು ಮತಾಂತರವನ್ನು ಕುರಿತು ಬರೆದ ದೀರ್ಘ ಲೇಖನ ಅದೇ ಪತ್ರಿಕೆಯಲ್ಲಿ ಬಂದಿತು. ಪರ-ವಿರೋಧದ ಪ್ರತಿಕ್ರಿಯೆಗಳು ದಿನಗಟ್ಟಲೆ ಪ್ರಕಟವಾದವು.

ಆದರೆ ಹಿರಿಯರ ಸಂತೋಷ ಬಹಳ ಕಾಲ ಉಳಿಯಲಿಲ್ಲ. 2011ರಲ್ಲಿ ಭಟ್ಟರೂ ಸಿಂಹರೂ 'ಕನ್ನಡಪ್ರಭ'ದಲ್ಲಿದ್ದರು. 2014ರಲ್ಲಿ ಸಿಂಹರು ಮೈಸೂರಿನಿಂದ ಲೋಕಸಭೆಗೆ ಆಯ್ಕೆಯಾದರು. 2016ರಲ್ಲಿ ಭಟ್ಟರು 'ವಿಶ್ವವಾಣಿ'ಯನ್ನು ಆರಂಭಿಸಿದರು. ಲೇಖನಿ ಮನೆ ಬದಲಿಸಿತ್ತು, ಅಷ್ಟೆ.

ಹಾಗಾದರೆ ಹೊಣೆಯನ್ನು ಮಾಲೀಕರ ಮೇಲೆ ಹೊರಿಸೋಣವೇ? ಒಡೆತನ ಬದಲಾದಾಗ ಪೀಠ ಅಲುಗಾಡುವುದುಂಟು. 2022ರ ನವೆಂಬರಿನಲ್ಲಿ ಎನ್‌ಡಿಟಿವಿ ಅದಾನಿ ಸಮೂಹದ ಕೈಸೇರುತ್ತಿದ್ದಾಗ ರವೀಶ್ ಕುಮಾರರು ಹೊರಬಂದರು. ಆದರೆ ವಿಜಯ ಸಂಕೇಶ್ವರರು 1999ರಲ್ಲಿ ಆರಂಭಿಸಿದ್ದ 'ವಿಜಯ ಕರ್ನಾಟಕ'ವು 2006ರಲ್ಲಿಯೇ ಟೈಮ್ಸ್ ಸಮೂಹಕ್ಕೆ ಮಾರಾಟವಾಗಿತ್ತು. ಅನಂತರವೂ ಭಟ್ಟರು ನಾಲ್ಕು ವರ್ಷ ಸಂಪಾದಕರಾಗಿಯೇ ಇದ್ದರು. ಮಾಲೀಕರೊಬ್ಬರನ್ನೇ ದೂರಿದರೆ ಲೆಕ್ಕ ಸರಿಹೋಗದು.

ಗುರುಮಠದಲ್ಲಿ ನಮಗೆ ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ಬಾಯಿಪಾಠ ಮಾಡಿಸಿದ್ದರು. (ಪರೀಕ್ಷೆ ಮುಗಿದ ಮೇಲೆ ಅವು ಇಷ್ಟು ಕೆಲಸಕ್ಕೆ ಬಂದಾವೆಂದು ನಾವೆಣಿಸಿರಲಿಲ್ಲ.) ಬಡಗಿ ಕುರ್ಚಿಯನ್ನು ಮಾಡುವುದು ಕುಳಿತುಕೊಳ್ಳುವವನಿಗಾಗಿ. ಪತ್ರಿಕೆಯ ಬಿಸಿಬಿಸಿ ಅಂಕಣ ಯಾರಿಗಾಗಿ? ಓದುಗನಿಗಾಗಿ. ಅಂದು ನಮ್ಮ ಮನೆಯ ಹೊಸಿಲಿಗೂ ಅದೇ ಪತ್ರಿಕೆ ಬೀಳುತ್ತಿತ್ತು. ಮೊದಲು ಬಿಚ್ಚುತ್ತಿದ್ದುದು ಅದೇ ಪುಟವನ್ನು. ಸಿಟ್ಟಿನಿಂದ ಓದಿದರೂ ಮೆಚ್ಚಿ ಓದಿದರೂ ಪ್ರಸಾರಸಂಖ್ಯೆಯ ಲೆಕ್ಕದಲ್ಲಿ ಭೇದವಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಸಂಪರ್ಕ ಮಾಧ್ಯಮಗಳ ಕುರಿತು ಹೊರಡಿಸಿದ ಶಾಸನಪತ್ರವು ಬರೆಯುವವರಿಗಷ್ಟೇ ಅಲ್ಲ, ಆಯ್ದು ಓದುವ ನಮಗೂ ಕರ್ತವ್ಯವಿದೆಯೆಂದು ಹೇಳಿದೆ.

ಉತ್ತರ ಕೊಡುವ ಕರ್ತವ್ಯದ ಮಾತೂ ಇದೆ. 2008ರ ಆ ಲೇಖನಕ್ಕೆ ನಾವು ನಾಲ್ಕು ಪುಟಗಳ ಉತ್ತರ ಬರೆದಿದ್ದೆವು. ಭಾಷೆ ತಿದ್ದೋಣ, ಅಂಕಿಅಂಶ ಸೇರಿಸೋಣವೆಂದು ಮೇಜಿನ ಖಾನೆಯಲ್ಲಿಟ್ಟೆವು. ಅಷ್ಟರಲ್ಲಿ ಚರ್ಚೆಯೇ ಮುಗಿದಿತ್ತು. ಅದನ್ನು ಅಂಚೆಗೆ ಹಾಕದಂತೆ ಯಾವ ಮಾಲೀಕರೂ ನಮ್ಮನ್ನು ತಡೆದಿರಲಿಲ್ಲ.