ಕ್ಯೂಬಿಟ್ ಲೆಕ್ಕದ ಹಿಂದಿನ ಲೆಕ್ಕ

ಹೆಸರಘಟ್ಟದಲ್ಲಿ ಆರು ಎಕರೆಗೂ ಹೆಚ್ಚು ಜಾಗದಲ್ಲಿ ಕ್ವಾಂಟಂ ನಗರ, ಸಾವಿರ ಕೋಟಿ ರೂಪಾಯಿಯ ರಾಜ್ಯ ಕ್ವಾಂಟಂ ಮಿಷನ್: ಇವು ಕರ್ನಾಟಕದ ಘೋಷಣೆಗಳು. ಆಂಧ್ರಪ್ರದೇಶ ಅಮರಾವತಿಗೆ ಐಬಿಎಂನ 156 ಕ್ಯೂಬಿಟ್ (ಕ್ವಾಂಟಂ ಕಂಪ್ಯೂಟರಿನಲ್ಲಿ ಮಾಹಿತಿಯ ಮೂಲ ಘಟಕ) ಯಂತ್ರ ತರುತ್ತೇನೆಂದಿದೆ. ಕೇಂದ್ರದ 6,003 ಕೋಟಿ ರೂಪಾಯಿ ಯೋಜನೆಯ ಗುರಿ, ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್. ಈ ಪೈಪೋಟಿಯಲ್ಲಿ ಎಲ್ಲರ ಬಾಯಲ್ಲೂ ಕ್ಯೂಬಿಟ್ ಸಂಖ್ಯೆ ಇದೆ. ಆ ಕ್ಯೂಬಿಟ್‌ಗಳು ಎಷ್ಟು ಸಲ ತಪ್ಪುತ್ತವೆ ಎಂಬ ಮಾತು ಮಾತ್ರ ಅಪರೂಪ.

ತಪ್ಪುತ್ತವೆ, ಧಾರಾಳವಾಗಿ. ಗೂಗಲ್, ಐಬಿಎಂಗಳ ಸೂಪರ್ ಕಂಡಕ್ಟರ್ ಚಿಪ್‌ಗಳನ್ನು ಅಂತರಿಕ್ಷಕ್ಕಿಂತಲೂ ತಣ್ಣಗಿನ ಪೆಟ್ಟಿಗೆಯಲ್ಲಿಟ್ಟರೂ ಕ್ಯೂಬಿಟ್‌ಗಳ ಸ್ಥಿತಿ ಕ್ಷಣಾರ್ಧದಲ್ಲಿ ಕದಡಿಹೋಗುತ್ತದೆ. ಸಾವಿರ ಕ್ರಿಯೆಗೆ ಒಂದೆರಡು ತಪ್ಪು ಇಂದು ಮಾಮೂಲು. ಉಪಯೋಗಕ್ಕೆ ಬರುವ ಲೆಕ್ಕಕ್ಕೋ ಕೋಟಿಗಟ್ಟಲೆ ಕ್ರಿಯೆಗಳು ಬೇಕು. ಆದ್ದರಿಂದ ಹತ್ತಾರು, ನೂರಾರು ಕ್ಯೂಬಿಟ್‌ಗಳನ್ನು ಸೇರಿಸಿ, ಒಂದರ ತಪ್ಪನ್ನು ಉಳಿದವು ಹಿಡಿಯುವಂತೆ ಮಾಡಿ, ಒಂದೇ ಒಂದು ನಂಬಲರ್ಹ ‘ತಾರ್ಕಿಕ ಕ್ಯೂಬಿಟ್’ ಕಟ್ಟಬೇಕು.

2024ರ ಡಿಸೆಂಬರ್‌ನಲ್ಲಿ ಗೂಗಲ್ 105 ಕ್ಯೂಬಿಟ್‌ಗಳ ವಿಲ್ಲೋ ಚಿಪ್ ತೋರಿಸಿದಾಗ ಸುದ್ದಿಯಾದದ್ದು ಬೇರೆಯೇ: ಸೂಪರ್ ಕಂಪ್ಯೂಟರಿಗೆ ಬ್ರಹ್ಮಾಂಡದ ಆಯುಸ್ಸೂ ಸಾಲದ ಲೆಕ್ಕವನ್ನು ಅದು ಐದು ನಿಮಿಷದೊಳಗೆ ಮುಗಿಸಿತಂತೆ. ಆ ಲೆಕ್ಕದಿಂದ ಯಾರಿಗೂ ಏನೂ ಸಿಗುವುದಿಲ್ಲ. ಪ್ರಶ್ನೆಪತ್ರಿಕೆಯನ್ನು ತಾನೇ ಬರೆದುಕೊಂಡು ನೂರಕ್ಕೆ ನೂರು ಗಿಟ್ಟಿಸಿದ ಹಾಗೆ. 2019ರಲ್ಲೂ ಗೂಗಲ್, ತನ್ನ 53 ಕ್ಯೂಬಿಟ್ ಯಂತ್ರ 200 ಸೆಕೆಂಡಿನಲ್ಲಿ ಮಾಡಿದ್ದಕ್ಕೆ ಸೂಪರ್ ಕಂಪ್ಯೂಟರಿಗೆ ಹತ್ತು ಸಾವಿರ ವರ್ಷ ಬೇಕೆಂದಿತ್ತು. ಚೀನಾದ ಸಂಶೋಧಕರು ಸಾಮಾನ್ಯ ಗ್ರಾಫಿಕ್ಸ್ ಚಿಪ್‌ಗಳ ಗುಂಪಿನಲ್ಲೇ ಅದನ್ನು ಗಂಟೆಗಳಲ್ಲಿ ಮುಗಿಸಿಬಿಟ್ಟರು.

ವಿಲ್ಲೋದ ನಿಜವಾದ ಸಾಧನೆ ಸುದ್ದಿಯ ಕೆಳಗಿನ ಸಾಲುಗಳಲ್ಲಿತ್ತು. ಕ್ಯೂಬಿಟ್‌ಗಳ ಜಾಲವನ್ನು 3x3ರಿಂದ 5x5ಕ್ಕೆ, ಅಲ್ಲಿಂದ 7x7ಕ್ಕೆ ಹಿಗ್ಗಿಸಿದಾಗ ಪ್ರತಿ ಸಲವೂ ದೋಷ ಅರ್ಧಕ್ಕಿಳಿಯಿತು. ಅದುವರೆಗೆ ಕ್ಯೂಬಿಟ್ ಹೆಚ್ಚಿಸಿದರೆ ತಪ್ಪೂ ಹೆಚ್ಚುವುದೇ ದೊಡ್ಡ ತಲೆನೋವಾಗಿತ್ತು. ಹಾಗೆಂದು ಹಿಗ್ಗುವಂತಿಲ್ಲ: ಅಲ್ಲಿ ಕಟ್ಟಿದ್ದು ಒಂದೇ ತಾರ್ಕಿಕ ಕ್ಯೂಬಿಟ್, ಅದು ಮಾಡಿದ್ದು ಮಾಹಿತಿ ಕೆಡದಂತೆ ಕಾಪಿಟ್ಟ ಕೆಲಸವಷ್ಟೇ.

ಆದರೂ ಕ್ವಾಂಟಂ ಯಂತ್ರದ ಭರವಸೆ ಸುಳ್ಳಲ್ಲ. ಅಲಸಂದೆ, ಹೆಸರು ಗಿಡಗಳ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಮಣ್ಣಿನ ತಂಪಿನಲ್ಲೇ ಗೊಬ್ಬರವಾಗಿಸುತ್ತದೆ; ಕಾರ್ಖಾನೆಗೆ ಅದಕ್ಕೆ ನೂರಾರು ಡಿಗ್ರಿ ಶಾಖ, ಭಾರೀ ಒತ್ತಡ ಬೇಕು. ಬ್ಯಾಕ್ಟೀರಿಯಾದಲ್ಲಿ ಈ ಕೆಲಸ ಮಾಡುವ ಕಿಣ್ವದೊಳಗಿನ ಎಲೆಕ್ಟ್ರಾನ್‌ಗಳ ವರ್ತನೆಯನ್ನು ಲೆಕ್ಕ ಹಾಕಲು ಇಂದಿನ ಸೂಪರ್ ಕಂಪ್ಯೂಟರುಗಳು ತಿಣುಕುತ್ತವೆ. ರಿಚರ್ಡ್ ಫೈನ್‌ಮನ್ 1981ರಲ್ಲಿ ಕ್ವಾಂಟಂ ಯಂತ್ರದ ಮಾತೆತ್ತಿದ್ದು ಇಂಥ ಲೆಕ್ಕಗಳಿಗಾಗಿಯೇ. ಬ್ಯಾಂಕಿನ ಖಾತೆ ನೋಡಿಕೊಳ್ಳಲು, ಸಿನಿಮಾ ಓಡಿಸಲು ಇದು ಬೇಕಿಲ್ಲ.

ಅಪಾಯದ ವಿಷಯದಲ್ಲೂ ಬರೀ ಕ್ಯೂಬಿಟ್ ಎಣಿಕೆ ದಾರಿ ತಪ್ಪಿಸುತ್ತದೆ. ಬ್ಯಾಂಕು, ಜಾಲತಾಣಗಳು ನೆಚ್ಚಿಕೊಂಡಿರುವ ಆರ್‌ಎಸ್‌ಎ ಗೂಢಲಿಪಿಯನ್ನು ಕ್ವಾಂಟಂ ಯಂತ್ರ ಒಡೆಯಬಲ್ಲದು ಎಂದು ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಅದಕ್ಕೆ ಎರಡು ಕೋಟಿ ಕ್ಯೂಬಿಟ್ ಬೇಕೆಂದು 2019ರಲ್ಲಿ ಲೆಕ್ಕ ಹಾಕಿದವರಲ್ಲಿ ಒಬ್ಬರಾದ ಗೂಗಲ್‌ನ ಕ್ರೇಗ್ ಗಿಡ್ನಿ, 2025ರ ಮೇನಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಸಾಕೆಂದರು. ಅವರು ಊಹಿಸಿಕೊಂಡ ಯಂತ್ರದ ದೋಷದ ಪ್ರಮಾಣ ಮೊದಲಿನದೇ; ಸುಧಾರಿಸಿದ್ದು ಲೆಕ್ಕ ಮಾಡುವ, ತಪ್ಪು ತಿದ್ದುವ ವಿಧಾನ. ಅಂಥ ಯಂತ್ರ ಇಂದು ಎಲ್ಲೂ ಇಲ್ಲ. ಆದರೆ ಗೂಢಲಿಪಿಯಲ್ಲಿರುವ ಮಾಹಿತಿಯನ್ನು ಇಂದೇ ಕದ್ದಿಟ್ಟುಕೊಂಡು, ಯಂತ್ರ ಬಂದ ದಿನ ಬಿಡಿಸಿ ಓದಲು ಅಡ್ಡಿಯೇನಿಲ್ಲ.

ಇದಕ್ಕೆ ಪರಿಹಾರ ಕೈಯಲ್ಲೇ ಇದೆ. ಕ್ವಾಂಟಂ ದಾಳಿಗೂ ಜಗ್ಗದಂತೆ ರೂಪಿಸಿದ ಹೊಸ ಗೂಢಲಿಪಿ ಮಾನದಂಡಗಳನ್ನು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ. ಅವು ಸಾಮಾನ್ಯ ಕಂಪ್ಯೂಟರಿನಲ್ಲೇ ಓಡುತ್ತವೆ. ಸಿಗ್ನಲ್, ಐಮೆಸೇಜ್ ಸಂದೇಶ ಸೇವೆಗಳು ಈಗಾಗಲೇ ಈ ದಾರಿ ಹಿಡಿದಿವೆ. ಜಮೀನಿನ ಪಹಣಿ, ನೋಂದಣಿ ಪತ್ರ, ರೋಗಿಗಳ ದಾಖಲೆ ದಶಕಗಳ ಕಾಲ ಬಾಳಬೇಕಾದವು. ಹೆಸರಘಟ್ಟದಲ್ಲಿ ಯಂತ್ರ ಯಾವಾಗ ಬೇಕಾದರೂ ಬರಲಿ. ಪಹಣಿಯ ‘ಭೂಮಿ’, ನೋಂದಣಿಯ ‘ಕಾವೇರಿ’ ತಂತ್ರಾಂಶಗಳು ಹೊಸ ಮಾನದಂಡಕ್ಕೆ ಯಾವ ವರ್ಷದೊಳಗೆ ಬದಲಾಗುತ್ತವೆ ಎಂಬುದನ್ನು ಸರ್ಕಾರ ಈಗಲೇ ಹೇಳಲಿ, ಸಾವಿರ ಕೋಟಿಯಲ್ಲಿ ಅದಕ್ಕೊಂದು ಪಾಲು ತೆಗೆದಿಡಲಿ.